ಮುಂದೆ ಯಾರು ನಡೆಯಬೇಕು

ಒಂದು ಕಾಲಕ್ಕೆ ನಾನು ಕತ್ತಿ ಹಿಡಿದು ರಾಕ್ಷಸರ ಮೇಲೆ ಏರಿ ಹೋಗುತ್ತಿದ್ದೆ. ನೀವು ನಗುತ್ತೀರಿ, ಗೊತ್ತು. ಜಿರಳೆ ಕಂಡರೆ ಮಂಚ ಹತ್ತುವವಳು ನಾನು. ಆದರೆ ಎಂಬತ್ತರ ದಶಕದ ಕೊನೆಗೆ ಒಂದು ದೀಪಾವಳಿ ರಜೆಯಲ್ಲಿ, ಅಫಜಲಪುರದ ನಮ್ಮ ಮನೆಯ ಪಡಸಾಲೆಯಲ್ಲಿ, ತಲೆಯ ಮೇಲಿನ ಸೆರಗು ಜಾರದಂತೆ ನೋಡಿಕೊಳ್ಳುತ್ತಲೇ ಆ ಪರಾಕ್ರಮವನ್ನೆಲ್ಲ ಮೆರೆದದ್ದು ನಿಜ.

ಇದಕ್ಕೆಲ್ಲ ಕಾರಣ ನನ್ನ ಮೈದುನ ಬಸವರಾಜ. ಪುಣೆಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಅವನು ಆ ಸಲ ಹಾಸ್ಟೆಲಿನ ಗೆಳೆಯರಿಂದ ಒಂದು ಆಟ ಕಲಿತು ಬಂದಿದ್ದ. ಝೆರಾಕ್ಸ್ ಹಾಳೆಗಳ ಒಂದು ಕಟ್ಟು, ಹಲವು ಮುಖಗಳ ವಿಚಿತ್ರ ದಾಳಗಳು, ಅಷ್ಟೇ ಸಾಮಾನು. ಅವನು ಕತೆ ಹೇಳುತ್ತಾನೆ: ನೀವೆಲ್ಲ ಒಂದು ಗುಹೆಯ ಬಾಗಿಲಲ್ಲಿ ನಿಂತಿದ್ದೀರಿ, ಒಳಗೆ ಏನೋ ಗೊರಕೆ ಹೊಡೆಯುತ್ತಿದೆ, ಏನು ಮಾಡುತ್ತೀರಿ? ನಾವು ಹೇಳಬೇಕು. ಹೇಳಿದ್ದು ಕೈಗೂಡಿತೋ ಇಲ್ಲವೋ ದಾಳ ತೀರ್ಮಾನಿಸುತ್ತದೆ. ಚೌಕಾಬಾರದಲ್ಲಿ ಒಬ್ಬರ ಕಾಯಿ ಒಬ್ಬರು ಕಡಿದು ಬೆಳೆದವಳು ನಾನು. ಇಲ್ಲಿ ಎಲ್ಲರೂ ಒಂದೇ ತಂಡ, ಗೆದ್ದರೂ ಜೊತೆಗೆ, ಸತ್ತರೂ ಜೊತೆಗೆ ಎಂಬುದು ನನಗೆ ಹೊಸದಾಗಿತ್ತು.

ತಂಡದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕೆಲಸ. ಬಜಾರದಲ್ಲಿ ಅರಿವಿ ಅಂಗಡಿ, ಅಂದರೆ ಬಟ್ಟೆಯಂಗಡಿ, ನಡೆಸುತ್ತಿದ್ದ ಮಾವನವರು ನಿಜಾಮರ ಕಾಲದ ಉರ್ದು ಶಾಲೆಯಲ್ಲಿ ಜಾದೂಗಾರರ ಕತೆ ಓದಿದವರು. ಅವರು ಜಾದೂಗಾರರೇ ಆದರು. ದನದ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದ ನಮ್ಮ ಮನೆಯವರಿಗೆ ವೈದ್ಯನ ಪಾತ್ರ ಬಿಟ್ಟರೆ ಬೇರೆ ಯಾವುದು ಒಪ್ಪೀತು? ಪಕ್ಕದ ಮನೆಯ ರಜಿಯಾ ಸದ್ದಿಲ್ಲದೆ ಒಳಹೊಕ್ಕು ಸುದ್ದಿ ತರುವ ಕಳ್ಳಿ. ತಾಕತ್ತಿಗೆ ದಾಳ ಹಾಕಿದಾಗ ನನಗೇ ಎಲ್ಲರಿಗಿಂತ ಹೆಚ್ಚು ಬಿತ್ತು. ನಮ್ಮ ಮನೆಯವರು ಇದು ನನಗೆ ಮೊದಲೇ ಗೊತ್ತಿತ್ತು ಎಂಬ ಮುಖ ಮಾಡಿದರು. ಹಾಗೆ ಕಬ್ಬಿಣದ ಅಂಗಿ, ಕತ್ತಿ ನನ್ನ ಪಾಲಾದವು.

ಇಂಥ ತಂಡಗಳು ಪುಣೆಯಿಂದಲೇ ಬರಬೇಕಾಗಿಲ್ಲ ನೋಡಿ. ನನ್ನನ್ನು ನೋಡಲು ಇವರ ಕಡೆಯವರು ನನ್ನ ತವರು ಮಾದನಹಿಪ್ಪರಗಾಕ್ಕೆ ಬಂದಾಗಲೂ ವ್ಯೂಹ ಹೀಗೇ ಇತ್ತು. ಎದುರಿಗೆ ಕೂತು ಏರುದನಿಯಲ್ಲಿ ಮಾತಾಡಲು ಒಬ್ಬ ದೊಡ್ಡಪ್ಪ. ಮಾತು ಮುರಿದಲ್ಲಿ ಮುಲಾಮು ಹಚ್ಚಲು ಒಬ್ಬ ಮೆತ್ತನೆಯ ಸೋದರಮಾವ. ನೀರು ಕುಡಿಯುವ ನೆಪದಲ್ಲಿ ಅಡುಗೆಮನೆ ಹೊಕ್ಕು ಹಿಟ್ಟಿನ ಡಬ್ಬಿಯವರೆಗೂ ಕಣ್ಣಾಡಿಸಿ ಬರಲು ಒಬ್ಬ ಅತ್ತೆ. ನಮ್ಮ ಕಡೆಯವರು ಅವರಿಗೆ ಹೋಳಿಗೆಯ ಮೇಲೆ ಹೋಳಿಗೆ ಬಡಿಸಿ ಬಾಯಿ ಕಟ್ಟಿದರು. ಅದೂ ಯುದ್ಧತಂತ್ರವೇ, ಫಲವನ್ನು ನಾನು ಇಂದಿಗೂ ಉಣ್ಣುತ್ತಿದ್ದೇನೆ.

ಆದರೆ ಬಸವರಾಜನ ಗುಹೆಯಲ್ಲಿ ನಾವು ಮೊದಲ ಬಾಗಿಲಲ್ಲೇ ಸತ್ತೆವು. ಮರುದಿನವೂ ಸತ್ತೆವು. ಬಸವರಾಜ ಬಿಡಿಸಿ ಹೇಳಿದ್ದ: ಕತ್ತಿಯವರು ಮುಂದಿರಬೇಕು, ಜಾದೂಗಾರ ಹಿಂದೆ, ಅವನ ಮೈಮೇಲೆ ಕಬ್ಬಿಣವಿಲ್ಲ, ಒಂದೇ ಪೆಟ್ಟಿಗೆ ಹೋಗುತ್ತಾನೆ. ಎಲ್ಲರೂ ಹೂಂ ಎಂದೆವು. ಬಾಗಿಲು ಬಂದ ಕೂಡಲೇ ಎಲ್ಲರ ಮುಖ ಮಾವನವರ ಕಡೆ ತಿರುಗುತ್ತಿತ್ತು. ಅವರೂ ಬೀಗರ ಮನೆಗೆ ಕಾಲಿಡುವಷ್ಟೇ ಸಹಜವಾಗಿ ಒಳಗೆ ನಡೆಯುತ್ತಿದ್ದರು. ರಾಕ್ಷಸ ಗದೆ ಬೀಸುತ್ತಿದ್ದ. ವೈದ್ಯರು ಇದ್ದಬದ್ದ ಔಷಧವನ್ನೆಲ್ಲ ತಂದೆಗೇ ಸುರಿದು ಕೈ ಖಾಲಿ ಮಾಡಿಕೊಳ್ಳುತ್ತಿದ್ದರು. ಬಳಿಕ ನಾವು ಒಬ್ಬೊಬ್ಬರಾಗಿ, ವಯಸ್ಸಿನ ಪ್ರಕಾರವೇ, ಸಾಯುತ್ತಿದ್ದೆವು. ಹಿರಿಯರಿಗೆ ಹಿಂದೆ ಸರಿಯಿರಿ ಎನ್ನುವ ಎದೆಗಾರಿಕೆ ರಾಕ್ಷಸನನ್ನು ಎದುರಿಸುವ ನನಗೂ ಇರಲಿಲ್ಲ.

ಆಗ ನನ್ನ ಮನಸ್ಸು ಆಟದಲ್ಲಿ ಅರ್ಧವೇ ಇತ್ತು ಎಂಬುದನ್ನೂ ಹೇಳಬೇಕು. ಜೇವರ್ಗಿಯ ಒಂದು ಶಾಲೆಯಲ್ಲಿ ನನಗೆ ಮಾಸ್ತರಿಕೆ ಸಿಕ್ಕಿತ್ತು. ರಜೆ ಮುಗಿದ ಸೋಮವಾರವೇ ಹಾಜರಾಗಬೇಕು, ಅಲ್ಲೇ ಕೋಣೆ ಹಿಡಿದಿದ್ದು ಶನಿವಾರಕ್ಕೊಮ್ಮೆ ಊರಿಗೆ ಬರಬೇಕು. ತಪ್ಪಿದರೆ ಆ ಜಾಗ ಬೇರೆಯವರಿಗೆ. ಅಪ್ಪ ಹೂಂ ಅಂದರೆ ನನ್ನ ಅಡ್ಡಿಯೇನೂ ಇಲ್ಲ ಎಂದಿದ್ದರು ನಮ್ಮ ಮನೆಯವರು. ಮಾವನವರು "ನೋಡೂಣು" ಎಂದಿದ್ದರು. ಅದು ಅಂಗಡಿಯಲ್ಲಿ ಗಿರಾಕಿಗೆ ಇಲ್ಲ ಎನ್ನಲಾಗದಾಗ ಅವರು ಆಡುತ್ತಿದ್ದ ಮಾತೆಂದು ನನಗೆ ಗೊತ್ತಿತ್ತು. ಆ ಕೆಲಸ ನನಗೆ ಬೇಕಿತ್ತು. ಬಹಳ ಬೇಕಿತ್ತು.

ಮೂರನೆಯ ದಿನ ಮಾವನವರು ಸತ್ತ ಮೇಲೆ ಸುಮ್ಮನೆ ಏಳಲಿಲ್ಲ. ನಮ್ಮ ತಂಡ ಯಾಕೆ ಹೀಗೆ ಸಾಯುತ್ತದೆ ಎಂದು ಮಗನನ್ನು ಕೇಳಿದರು. ಮಂತ್ರ ಹಾಕಲು ಹೊತ್ತು ಬೇಕು, ಅಷ್ಟು ಹೊತ್ತು ಯಾರಾದರೂ ಎದುರಿಗೆ ತಡೆದು ನಿಲ್ಲಬೇಕು ಎಂದು ಬಸವರಾಜ ಮತ್ತೆ ಹೇಳಿದ. ಮಾವನವರು ದಾಳವನ್ನು ಅಂಗೈಯಲ್ಲಿ ಉರುಳಿಸುತ್ತ ಯೋಚಿಸಿದರು.

"ಖರೇ ಅದ. ಅಂಗಡ್ಯಾಗ ನಾ ಎಲ್ಲಿ ಕೂಡ್ತೇನಿ? ಹಿಂದ, ಗಾದಿ ಮ್ಯಾಲ. ಮುಂದ ನಿಂತು ಅರಿವಿ ಅಳ್ಯಾಂವ ಬ್ಯಾರೆ. ಹಿಂದ ಕೂತವಗ ಅಂಗಡಿ ಪೂರಾ ಕಾಣ್ತದ," ಎಂದವರೇ ಆಟವನ್ನು ಮತ್ತೆ ಮೊದಲ ಬಾಗಿಲಿಂದ ಶುರು ಮಾಡಿಸಿ, ನನ್ನ ಕಡೆ ತಿರುಗಿ ಮುಂದೆ ನಡೆಯಲು ಹೇಳಿದರು.

ನಾನು ತಲೆಯ ಮೇಲಿನ ಸೆರಗು ಎಳೆದುಕೊಂಡೆ. ನಡೆಯುವುದು ಬರೀ ಮಾತಿನಲ್ಲಿ, ಕೂತಲ್ಲಿಂದ ಏಳುವ ಅಗತ್ಯವೂ ಇಲ್ಲ. ಆದರೂ ಆ ಮಾತು ಹೊರಡಲಿಲ್ಲ. "ನಿಮಗ ಬೆನ್ನ ಮಾಡಿ ಹ್ಯಾಂಗ ನಿಂದ್ರಲ್ರಿ ಮಾವಾರ?" ಎಂದೆ.

"ನಿಂದ್ರು ಯವ್ವಾ. ನಿನ್ನ ಬೆನ್ನ ಕಾಯಾಕ ನಾ ಇದ್ದೇನಲ್ಲ."

ನಾನು ಮುಂದೆ ನಡೆದೆ. ರಾಕ್ಷಸನ ಗದೆ ನನ್ನ ಕಬ್ಬಿಣದ ಮೇಲೆ ಬಿತ್ತು, ನಾನು ಬೀಳಲಿಲ್ಲ. ನನ್ನ ಹೆಗಲ ಮೇಲಿಂದ ಮಾವನವರ ಬೆಂಕಿ ಹಾರಿತು. ರಾಕ್ಷಸ ಉರುಳಿದ ಮೇಲೆ ನೋಡಿದರೆ ರಜಿಯಾ ಆಗಲೇ ಅವನ ಬಂಗಾರವನ್ನೆಲ್ಲ ಗಂಟು ಕಟ್ಟಿದ್ದಳು.

ಒಂದು ಆಟದಿಂದ ಮನುಷ್ಯ ಬದಲಾಗುತ್ತಾನೆಯೇ ಎಂದು ನೀವು ಕೇಳಬಹುದು. ನನಗೂ ಗೊತ್ತಿಲ್ಲ. ಮಾವನವರು ಮೊದಲೇ ಮನಸ್ಸು ಮಾಡಿದ್ದಿರಬಹುದು, ಹೇಳುವ ದಾರಿಯಷ್ಟೇ ಕಾಣದೆ ಇದ್ದಿರಬಹುದು. ಮರುದಿನ ಚಹಾ ಕೊಡಲು ಹೋದಾಗ, ಸೋಮವಾರ ಜೇವರ್ಗಿಗೆ ತಾವೂ ಬರುವುದಾಗಿ, ಕೋಣೆ ನೋಡಿಕೊಟ್ಟು ಹಿಂತಿರುಗುವುದಾಗಿ ಹೇಳಿದರು. ನಾನು ಒಳಗೆ ಹೋಗಿ ಒಲೆಯ ಮುಂದೆ ಕೂತು ಅತ್ತುಬಿಟ್ಟೆ, ಸಂತೋಷಕ್ಕೆ.

ಜೇವರ್ಗಿಯ ಶಾಲೆಯಲ್ಲಿ ಹೆಡ್ ಮಾಸ್ತರರು ನನ್ನನ್ನು ದಾಟಿ ಹಿಂದೆ ನಿಂತ ಮಾವನವರನ್ನು ನೋಡಿ, ಬರ್ರಿ, ಏನ್ ಕೆಲಸಿತ್ರಿ, ಎಂದು ವಿಚಾರಿಸಿದರು. ಮನೆಯ ಎಲ್ಲರ ಪರವಾಗಿ ಎಲ್ಲ ಕಡೆಯೂ ಉತ್ತರ ಕೊಟ್ಟು ರೂಢಿಯಾಗಿದ್ದ ಮಾವನವರು ಬಾಯಿ ತೆರೆದರು, ಒಂದು ಕ್ಷಣ ತಡೆದರು.

"ಹಾಜರಾಗಾಕ ಬಂದಾಕಿ ಆಕಿ. ಆಕಿನ್ನ ಕೇಳ್ರಿ," ಎಂದು ಗೋಡೆಯ ಬದಿಯ ಬೆಂಚಿನ ಮೇಲೆ ಕೂತರು.

ನಾನು ನನ್ನ ಹೆಸರು, ಊರು, ಓದು ಎಲ್ಲ ಹೇಳಿ ಮುಗಿಸುವವರೆಗೆ ಅವರು ಒಂದು ಮಾತೂ ಆಡಲಿಲ್ಲ. ಅರಿವಿ ವ್ಯಾಪಾರದವರ ಬಾಯಿ ನಿಮಗೆ ಗೊತ್ತೇ ಇದೆ. ಅವರು ಅಷ್ಟು ಹೊತ್ತು ಸುಮ್ಮನಿದ್ದದ್ದನ್ನು ನಾನು ಕಂಡದ್ದು ಅದೊಂದೇ ಸಲ.