ಕೆರೆ ದಂಡೆಯಲ್ಲಿ ಕಾಕಿಯ ಚರಗ

ಕಾಕಿಯ ನೆತ್ತಿಯ ನಡುವೆ ಬೆಳ್ಳಿ ರೂಪಾಯಿಯಷ್ಟು ಅಗಲಕ್ಕೆ ಕೂದಲು ಸವೆದುಹೋಗಿತ್ತು. ಶಹಾಬಾದಿನ ತವರಿನಲ್ಲಿದ್ದಾಗ ಕಲ್ಲಿನ ಗಣಿಗೆ, ಮದುವೆಯಾದ ಮೇಲೆ ಚಿತ್ತಾಪುರದ ಹೊಲಕ್ಕೆ ಬುತ್ತಿ ಹೊತ್ತು ಹೊತ್ತು ಆದದ್ದು. ಮೈಸೂರಿಗೆ ಬಂದ ಮೇಲೂ ಸೆರಗು ಸರಿದಾಗ ಅದು ಕಾಣುತ್ತಿತ್ತು. ಮುಚ್ಚಿಕೊಳ್ಳುವ ಅವಸರ ಆಕೆಗೆ ಇರಲಿಲ್ಲ.

ಕಾಕಾ, ಅಂದರೆ ನಮ್ಮಪ್ಪನ ತಮ್ಮ, ಯೂನಿವರ್ಸಿಟಿಯ ಕಚೇರಿಯಲ್ಲಿ ಗುಮಾಸ್ತರು. ಕುಕ್ಕರಹಳ್ಳಿ ಕೆರೆಯ ಹತ್ತಿರ, ರಾಜರ ಕಾಲದ ಒಂದು ಹೆಂಚಿನ ಮನೆಯ ಹಿಂಭಾಗವನ್ನು ಬಾಡಿಗೆಗೆ ಹಿಡಿದಿದ್ದರು; ಮುಂಭಾಗದಲ್ಲಿ ಮನೆಯ ಯಜಮಾನರ ಸಂಸಾರ. ಎಪ್ಪತ್ತರ ದಶಕದಲ್ಲಿ ನಾನು ಎಂ.ಎ. ಓದಲು ಅಲ್ಲಿಗೆ ಹೋದೆ. ಅಪ್ಪ ಒಪ್ಪಿದ್ದು ಒಂದೇ ಶರತ್ತಿನ ಮೇಲೆ: ಹುಡುಗಿ ಕಾಕಿಯ ಕಣ್ಣೆದುರಿಗೆ ಇರಬೇಕು; ಆ ಮನೆ ತಪ್ಪಿದರೆ ಓದೂ ಮುಗಿಯಿತು.

ಆ ಬೀದಿಯಲ್ಲಿ ಮನೆಗೊಬ್ಬರು ಮೇಷ್ಟ್ರು. ಬೆಳಿಗ್ಗೆ ಅವರೆಲ್ಲ ಮಫ್ಲರ್ ಸುತ್ತಿಕೊಂಡು ಕೆರೆಯ ಏರಿಯ ಮೇಲೆ ಅಡ್ಡಾಡುತ್ತಿದ್ದರು. ನಾನೂ ಹೋಗಿ ಕಂಡ ಹಕ್ಕಿಗಳನ್ನು ಎಣಿಸಿ ದಿನಚರಿಯಲ್ಲಿ ಬರೆದಿಡುತ್ತಿದ್ದೆ. ಕಾಕಿ ಒಮ್ಮೆ ಇಣುಕಿ ನೋಡಿ ಕೇಳಿದಳು: "ನೀ ಹಕ್ಕಿ ಎಣಸ್ತಿ, ಖರೆ. ಅವು ನಿನ್ನ ಎಣಸ್ತಾವೇನು?"

ಆಕೆಗೆ ಶಾಲೆಯ ಓದು ಇರಲಿಲ್ಲ. ಆದರೆ ಊರಿನ ಮಾತನ್ನಾಗಲೀ ಊಟವನ್ನಾಗಲೀ ಮೈಸೂರಿಗಾಗಿ ಮೆತ್ತಗೆ ಮಾಡಿಕೊಂಡವಳಲ್ಲ. ಪಕ್ಕದ ಮನೆಯ ಪ್ರೊಫೆಸರರಿಗೂ "ಕುಂದರ್ರಿ, ಚಾ ಕುಡದು ಹೋಗ್ರಿ" ಎನ್ನುತ್ತಿದ್ದಳು. ಅವರೂ ಕೂರುತ್ತಿದ್ದರು.

ನಾನು ಹೋದ ವರ್ಷದ ಎಳ್ಳಮಾವಾಸ್ಯೆ ಬಂತು. ನಮ್ಮ ಕಡೆ ಅಂದು ಎಲ್ಲರೂ ಹೊಲಕ್ಕೆ ಹೋಗಿ, ಮಾಡಿದ ಅಡುಗೆಯನ್ನೆಲ್ಲ ಬೆರೆಸಿ ಬೆಳೆಯ ನಡುವೆ ಚೆಲ್ಲುತ್ತಾರೆ. ಅದೇ ಚರಗ. ಆಮೇಲೆ ಅಲ್ಲೇ ಕೂತು ಉಣ್ಣುತ್ತಾರೆ. ಮೈಸೂರಿನಲ್ಲಿ ಹೊಲ ಎಲ್ಲಿಂದ ತರುವುದು? ಕಾಕಿ ನಸುಕಿನಲ್ಲೇ ಎದ್ದು ಸೊಪ್ಪು, ಹಸಿ ಕಾಳು, ಕಡಲೆಹಿಟ್ಟು ಹಾಕಿ ಗಡಿಗೆಯಲ್ಲಿ ಗಟ್ಟಿ ಪಲ್ಯದಂಥ ಭಜ್ಜಿ ಕುದಿಸಿದಳು, ಸಜ್ಜೆ ರೊಟ್ಟಿ ಬಡಿದಳು. ಬಿಸಿಲೇರುವ ಮೊದಲೇ ಬುಟ್ಟಿ ಹೊತ್ತು ಕೆರೆ ದಂಡೆಗೆ ನಡೆದಳು. ಹಿಂದೆ ನಾನು. ನೀರಿನ ಅಂಚಿನ ಹಸಿ ಮಣ್ಣಿಗೆ ಚರಗ ಚೆಲ್ಲಿ, ಕೈಮುಗಿದು ಬಂದೆವು.

ಏರಿಯ ಮೇಲೆ ಅಡ್ಡಾಡುತ್ತಿದ್ದ ಮನೆಯ ಯಜಮಾನರು ನಮ್ಮನ್ನು ನೋಡಿ, ನಮಗಿಂತ ಮೊದಲೇ ಮನೆ ಸೇರಿದ್ದರು. ಅಮಾವಾಸ್ಯೆಯ ದಿನ ನೀರಿನ ಪಕ್ಕದಲ್ಲಿ ಅನ್ನ ಚೆಲ್ಲಿದರೆ ಆ ಬೀದಿಯವರಿಗೆ ಅದಕ್ಕೆ ಒಂದೇ ಅರ್ಥ. ನಾವು ಬಂದು ಬುಟ್ಟಿ ಇಳಿಸುವಷ್ಟರಲ್ಲಿ ಯಜಮಾನಿತಿ ಹಿತ್ತಿಲ ಬಾಗಿಲಲ್ಲಿ ನಿಂತಿದ್ದರು.

"ಯಾರು ಹೋದ್ರು ನಿಮ್ಮನೇಲಿ? ಒಂದು ಮಾತು ಹೇಳಬಾರದಾ? ಮಗಳು ಹೆರಿಗೆಗೆ ಬಂದಿದ್ದಾಳೆ. ಸೂತಕ ಮುಚ್ಚಿಟ್ಟುಕೊಂಡು ಒಂದೇ ಬಾವಿ ನೀರು ಸೇದ್ತಿದ್ದೀರಲ್ಲ. ತಿಂಗಳೊಳಗೆ ಬೇರೆ ಮನೆ ನೋಡ್ಕೊಳ್ಳಿ."

ಕಾಕಾ ಒಳಗಿನಿಂದಲೇ ಪಿಸುಗುಟ್ಟಿದರು: "ತಪ್ಪಾತು ಅನ್ನು. ಇನ್ನ ಮಾಡಂಗಿಲ್ಲ ಅನ್ನು. ಹುಡುಗಿ ಓದಿನ ಸಲುವಾಗಾದ್ರೂ ಅನ್ನು."

"ತಪ್ಪು ಮಾಡಿದ್ರ ಅಂತಿದ್ದೆ" ಎಂದಳು ಕಾಕಿ. ಯಜಮಾನಿತಿಯ ಕಡೆ ತಿರುಗಿದಳು. "ಇದು ಸತ್ತವರಿಗಿ ಅಲ್ಲರಿ ಅಮ್ಮಾ, ಬಸುರಿಗಿ. ನಮ್ಮ ಕಡಿ ಈಗ ಜ್ವಾಳ ತೆನಿ ಹಿಡದಾದ. ಭೂಮಿತಾಯಿ ಬಸುರಿ ಅದಾಳ. ನಿಮ್ಮ ಮಗಳಿಗಿ ನೀವು ಆಕಿ ಬೇಡಿದ್ದು ಮಾಡಿ ಉಣಸಾಕತ್ತೀರಿ ಅಲ್ಲ, ಹಂಗೇ ನಾವು ಈಕಿಗಿ ಉಣಸ್ತೀವಿ. ಇಲ್ಲಿ ನಮಗ ಹೊಲ ಇಲ್ಲ, ಕೆರಿ ದಂಡಿಗಿ ಹೋದಿವಿ. ಬಸುರಿಗಿ ಉಣಸೂದು ತಪ್ಪಾದ್ರ ಹೇಳ್ರಿ, ನಾಳಿಗೇ ಮನಿ ಬಿಡ್ತೀವಿ."

ದನಿ ಏರಿರಲಿಲ್ಲ. ಯಜಮಾನಿತಿಯ ಬೆನ್ನ ಹಿಂದೆ, ಬಾಗಿಲಿಗೆ ಒರಗಿಕೊಂಡು ಮಗಳು ಬಂದು ನಿಂತಿದ್ದಳು.

"ಅಮ್ಮ, ಆ ವಾಸನೆ ಬೆಳಿಗ್ಗೆಯಿಂದ ಬರ್ತಿದೆ. ನಂಗೂ ಸ್ವಲ್ಪ ಬೇಕು."

ಕಾಕಿ ಗಡಿಗೆಗೆ ಕೈ ಹಾಕಲಿಲ್ಲ. "ನಿಮ್ಮ ಅವ್ವ ಹೂಂ ಅನ್ಲಿ, ತಾಯಿ" ಎಂದಳು.

ಯಜಮಾನಿತಿ ಒಳಗೆ ಹೋದರು. ಎಷ್ಟೋ ಹೊತ್ತು ಹೋದಂತೆ ನನಗನಿಸಿತು. ಬಂದಾಗ ಕೈಯಲ್ಲಿ ಬಟ್ಟಲಿತ್ತು.

"ಖಾರ ಕಮ್ಮಿ ಇರೋ ಕಡೆಯಿಂದ ಹಾಕಿ."

"ಒಂದೇ ಗಡಿಗ್ಯಾಗ ಖಾರ ಕಮ್ಮಿ ಇರೂ ಕಡಿ ಯಾವದರಿ ಅಮ್ಮಾ?"

ಮಗಳು ಮೊದಲು ನಕ್ಕಳು. ಆಮೇಲೆ ತಾಯಿ. ಮನೆ ಬಿಡುವ ಮಾತು ಮತ್ತೆ ಬರಲಿಲ್ಲ. ಮರುವರ್ಷ ಕೆರೆ ದಂಡೆಗೆ ನಮ್ಮ ಜೊತೆ ಯಜಮಾನಿತಿ ಮೊಮ್ಮಗನನ್ನು ಎತ್ತಿಕೊಂಡು ಬಂದರು. ಚಿತ್ರಾನ್ನವನ್ನೂ ಚರಗಕ್ಕೆ ಸೇರಿಸಿದರು. ಕಾಕಿ ಬೇಡವೆನ್ನಲಿಲ್ಲ. "ಭೂಮಿತಾಯಿ ಮೈಸೂರ ಅಡಗಿನೂ ರುಚಿ ನೋಡ್ಲಿ" ಎಂದಳು.

ನಾನು ಎಂ.ಎ. ಮುಗಿಸಿದ್ದು ಅದೇ ಮನೆಯಲ್ಲಿ. ಕಾಕಾ ನಿವೃತ್ತರಾದ ಮೇಲೆ ಇಬ್ಬರೂ ಚಿತ್ತಾಪುರಕ್ಕೆ ಹಿಂತಿರುಗಿದರು. ಹೋದ ಬೇಸಿಗೆಯಲ್ಲಿ ಕಾಕಿ ತೀರಿಕೊಂಡಳು. ನಾನು ಸೇಡಂನಲ್ಲಿ ಪಾಠ ಹೇಳಿ ನಿವೃತ್ತಳಾಗಿದ್ದೇನೆ. ಎಲ್ಲಿ ಓದಿದಿರಿ ಎಂದು ಯಾರಾದರೂ ಕೇಳಿದರೆ, ಯೂನಿವರ್ಸಿಟಿಯ ಹೆಸರಿಗಿಂತ ಮೊದಲು ನನ್ನ ಬಾಯಿಗೆ ಬರುವುದು "ನಮ್ಮ ಕಾಕಿಯ ಮನೆಯಲ್ಲಿ" ಎಂಬ ಮಾತು.