ಚಿಗವ್ವನ ಎಡಗಣ್ಣು

ನಿನ್ನೆ ಅಡುಗೆಮನೆಯ ಮೋರಿ ಕಟ್ಟಿಕೊಂಡಿತ್ತು. ಅಂಗಡಿಯವನು ಕೊಟ್ಟ ಪೊಟ್ಟಣ ಬಿಚ್ಚಿ ಸುರಿದೆ. ನೀರು ಬಿದ್ದದ್ದೇ ತಡ, ಬುಸುಗುಟ್ಟಿ ಹಬೆ ಎದ್ದಿತು. ನಾನು ಗೋಡೆಗೆ ಆತು ನಿಂತುಬಿಟ್ಟೆ. ಮೂವತ್ತು ವರ್ಷ ರಸಾಯನಶಾಸ್ತ್ರ ಕಲಿಸಿದವಳು ಕಾಸ್ಟಿಕ್ ಸೋಡಾಕ್ಕೆ ಹೆದರುವುದೇ ಎಂದು ನೀವು ನಗಬಹುದು. ನಗಿರಿ.

ಇಳಕಲ್ಲಿನಲ್ಲಿ ನನ್ನ ಚಿಗವ್ವ, ಅಂದರೆ ಅವ್ವನ ತಂಗಿ, ಸೀರೆಯ ನೂಲಿಗೆ ಬಣ್ಣ ಹಾಕುತ್ತಿದ್ದಳು. ಹಿತ್ತಲಲ್ಲಿ ಹಂಡೆ, ಪಕ್ಕದಲ್ಲಿ ಕಾಸ್ಟಿಕ್ಕಿನ ಡಬ್ಬಿ. ಅದು ಸೇರದಿದ್ದರೆ ಆ ಬಣ್ಣ ನೀರಿನಲ್ಲಿ ಕರಗುತ್ತಿರಲಿಲ್ಲ, ನೂಲಿಗೆ ಹತ್ತುತ್ತಿರಲಿಲ್ಲ. ಸೂತ್ರ ಗೊತ್ತಿಲ್ಲದ ಚಿಗವ್ವ ಬೆರಳು ಅದ್ದಿ ತೀಡುತ್ತಿದ್ದಳು. ಸಾಬೂನಿನಂತೆ ಜಾರಿದರೆ "ಸಾಕು" ಎನ್ನುತ್ತಿದ್ದಳು. ಬೆರಳ ಗೆರೆಗಳೆಲ್ಲ ಸವೆದಿದ್ದವು.

ಎಪ್ಪತ್ತರ ದಶಕದ ಕೊನೆ. ನಾನು ಬಾಗಲಕೋಟೆಯಲ್ಲಿ ಪಿಯುಸಿ ವಿಜ್ಞಾನ ಓದುತ್ತಿದ್ದೆ. ರಜೆಗೆ ಹೋದರೆ ಸುಣ್ಣ, ಪಟಿಕ, ಅಡುಗೆ ಸೋಡಾ ಎಂದು ಕಂಡದ್ದಕ್ಕೆಲ್ಲ ಸೂತ್ರ ಒದರುವುದೇ ಕೆಲಸ. ಚಿಗವ್ವ ನೆರೆಯವರನ್ನು ಕರೆದು ಕೇಳಿಸುತ್ತಿದ್ದಳು: "ನಮ್ಮ ಹುಡುಗಿ ಉಪ್ಪಿಗೂ ಇಂಗ್ಲಿಷ್ ಹೆಸರು ಹೇಳ್ತಾಳ, ಕೇಳ್ರಿ!"

ಒಂದು ಬೆಳಿಗ್ಗೆ ಕಾಸ್ಟಿಕ್ ಕದಡುವಾಗ ಸಿಡಿದು ಅವಳ ಎಡಗಣ್ಣಿಗೆ ಬಿತ್ತು. ಚೀರುತ್ತ ನೀರಿನ ಕೊಡದತ್ತ ಓಡಿದಳು. ನಾನು ತೋಳು ಹಿಡಿದು ತಡೆದೆ.

"ನೀರ ಬ್ಯಾಡ ಚಿಗವ್ವಾ! ಇದು ಕ್ಷಾರ ಐತಿ. ಹುಳಿ ಹಾಕಿದ್ರ ಸುಮ್ಮನಾಗ್ತೈತಿ."

"ಖರೇನಾ?"

"ಖರೆ. ನಾ ಓದೇನಿ."

ನಿಂಬೆಹಣ್ಣು ಕೊಯ್ದು ನಾನೇ ಹಿಂಡಿದೆ. ಅಷ್ಟು ಉರಿಯಲ್ಲೂ ಎರಡು ಬೆರಳಿನಿಂದ ರೆಪ್ಪೆ ಬಿಡಿಸಿ ಹಿಡಿದು ಅವಳು ನನ್ನತ್ತ ಮುಖ ಎತ್ತಿದ್ದಳು.

ದವಾಖಾನೆಯಲ್ಲಿ ನಾನು ಹೊರಗಿನ ಬೆಂಚಿನ ಮೇಲೆಯೇ ಕೂತೆ. ಕಣ್ಣು ಉಳಿಯಲಿಲ್ಲ.

ಮರುವರ್ಷ ಕಾಲೇಜಿನ ಪ್ರಯೋಗಾಲಯದ ಗೋಡೆಯ ಮೇಲೆ ಓದಿದೆ: ಕ್ಷಾರ ಕಣ್ಣಿಗೆ ಬಿದ್ದರೆ ಕೂಡಲೇ ಧಾರಾಳ ನೀರಿನಿಂದ ತೊಳೆಯುತ್ತಿರಬೇಕು, ಆಮ್ಲ ಹಾಕಬಾರದು. ಚಿಗವ್ವನಿಗೆ ತಾನಾಗಿ ತಿಳಿದಿದ್ದನ್ನು ನನ್ನ ಓದು ತಡೆದಿತ್ತು. ಹೇಳಿಬಿಡಬೇಕೆಂದು ಎಷ್ಟೋ ಸಲ ಇಳಕಲ್ಲಿಗೆ ಹೋದೆ. ರೊಟ್ಟಿ ತಿಂದು, ಹರಟೆ ಹೊಡೆದು, ಬಸ್ಸು ಹತ್ತಿದೆ. ಅವಳು ತೀರಿಕೊಂಡಾಗಲೂ ಅಳುವವರ ನಡುವೆ ಅಳುತ್ತ ಕೂತೆ.

ನಿನ್ನೆ ಮೋರಿಯ ಹಬೆ ಆರಿದ ಮೇಲೆ, ಅವಳ ಮಗಳಿಗೆ ಫೋನ್ ಮಾಡಿ ಎಲ್ಲ ಹೇಳಿದೆ.

"ಅವ್ವಗ ಗೊತ್ತಿತ್ತಕ್ಕಾ. ಹುಳಿ ಯಾಕ ಹಾಕಿದ್ರಿ ಅಂತ ಡಾಕ್ಟರ್ ಅವತ್ತ ಬೈದಿದ್ರು. ಹುಡುಗಿಗೆ ಹೇಳಬ್ಯಾಡ್ರಿ, ಓದು ಬಿಟ್ಟಾಳು ಅಂದಿದ್ಲಂತ."

ನಾನು ಫೋನನ್ನು ಇನ್ನೊಂದು ಕಿವಿಗೆ ಒತ್ತಿಕೊಂಡೆ.

"ಆದ್ರ ಮುಂದ ನಿನ್ನ ಮಾರಿ ನೋಡೇ, ಇಕೀಗೂ ತಿಳದೈತಿ ಅಂದ್ಲು. ನೀ ಬಂದಾಗೊಮ್ಮೆ ನಮ್ಮನ್ನೆಲ್ಲ ಹೊರಗ ಕಳಸ್ತಿದ್ಲು," ಎಂದಳು. "ಇವತ್ತಾದ್ರೂ ನೀನಾಗಿ ಹೇಳ್ತೀಯೇನೋ ಅಂತ."