ಜಾರುವ ಸಾರು, ಅಂಟಿನ ಉಂಡಿ

ಪಕ್ಕದ ಮನೆಯ ಕೊರಿಯನ್ ಅಜ್ಜಿ ಕಳೆದ ಗುರುವಾರ ಬೆಳಗ್ಗೆ ನಮ್ಮ ಅಡುಗೆಮನೆಯಲ್ಲಿ ಕುಸಿದು ಕೂತಳು. ಕುರ್ಚಿಯ ಮೇಲಲ್ಲ, ನೆಲದ ಮೇಲೆ.

ನಾನು ಹೇಳಿದ್ದು ಇಷ್ಟೇ. ನೀವು ಕೊಟ್ಟ ಸಾರು ಕುಡಿದು ನನ್ನ ಗಂಡ ಇಂಟರ್‌ವ್ಯೂಗೆ ಹೋದ.

(ಹೇಳಿದ್ದು ಇಂಗ್ಲಿಷಿನಲ್ಲಿ. "ಹಸ್ಬೆಂಡ್, ಸೂಪ್, ಇಂಟರ್‌ವ್ಯೂ." ನಮ್ಮಿಬ್ಬರ ಮಧ್ಯೆ ಇದಕ್ಕಿಂತ ಜಾಸ್ತಿ ಇಂಗ್ಲಿಷು ಓಡುವುದಿಲ್ಲ.)

ಅಜ್ಜಿಯ ಮುಖ ಬಿಳುಚಿಕೊಂಡಿತು. ಎರಡೂ ಕೈ ತಲೆಯ ಮೇಲೆ ಹೋದವು. "ನೋ ಜಾಬ್," ಅಂದಳು. "ಫಿನಿಶ್."

ಹಸುಗೂಸನ್ನು ಹೆಗಲಿಗೆ ಹಾಕಿಕೊಂಡು ನಿಂತಿರುವ ಬಾಣಂತಿಗೆ ಬೆಳಗ್ಗೆ ಬೆಳಗ್ಗೆ ಹೇಳುವ ಮಾತೇ ಇದು?

ನ್ಯೂಜೆರ್ಸಿಗೆ ಮಗಳ ಮನೆಗೆ ಬರಲಿರುವ ಓದುಗರೊಬ್ಬರು ಮೊನ್ನೆ ಇ-ಮೇಲ್ ಮಾಡಿದ್ದರು. ಅಲ್ಲಿ ಕೊರಿಯನ್ ಹೋಟೆಲುಗಳು ಬಹಳವಂತೆ, ಮೊದಲ ಸಲ ಹೋಗುವವರು ಏನೇನು ತಿಂದು ನೋಡಬೇಕು, ನಮ್ಮಂಥ ಪುಳಿಚಾರಿಗಳಿಗೆ ಏನಾದರೂ ಸಿಗುತ್ತದೆಯೇ ಎಂದು. ಸಿಗುತ್ತದೆ ಸ್ವಾಮಿ, ಹೇಳುತ್ತೇನೆ. ಆದರೆ ಏನು ತಿನ್ನಬೇಕು ಅನ್ನುವುದಕ್ಕಿಂತ ಯಾವ ದಿನ ತಿನ್ನಬಾರದು ಅನ್ನುವುದು ಮುಖ್ಯ. ಇದನ್ನು ನಾನು ತಲೆ ಮೇಲೆ ಕೈ ಹೊತ್ತು ಕಲಿತವಳು.

ನಾವಿರುವುದು ಮೆಟುಚೆನ್‌ನಲ್ಲಿ, ಸ್ಟೇಷನ್ನಿಗೆ ನಡೆದು ಹೋಗುವಷ್ಟು ಹತ್ತಿರದ ಅಪಾರ್ಟ್‌ಮೆಂಟು. ಗಂಡ ಗಿರೀಶ ಮೈಸೂರಿನವನು, ನಾನು ಧಾರವಾಡದವಳು. ಅವನು ದೀಪಾವಳಿಯಿಂದ ಬೆಂಚಿನ ಮೇಲಿದ್ದ. ಬೆಂಚು ಅಂದರೆ ಪ್ರಾಜೆಕ್ಟ್ ಇಲ್ಲದೆ ಮನೆಯಲ್ಲಿ ಕೂತಿರುವುದಕ್ಕೆ ನಮ್ಮ ಕನ್ಸಲ್ಟೆನ್ಸಿಗಳು ಇಟ್ಟಿರುವ ಮರ್ಯಾದೆಯ ಹೆಸರು. ಹೋದ ವರ್ಷ ಇದೇ ಹುಡುಗನಿಗೆ ಮೂರು ಕಡೆಯಿಂದ ಫೋನ್ ಬರುತ್ತಿತ್ತು. ಈಗ ಫೋನ್ ಬಂದರೆ ಅದು ಕಾರ್ಪೆಟ್ ಕ್ಲೀನ್ ಮಾಡುವವರದು. ಕನ್ಸಲ್ಟೆನ್ಸಿಯ ಬಾಸ್, ಅವರೂ ನಮ್ಮ ಕಡೆಯವರೇ, ನಯವಾಗಿ ಹೇಳಿದ್ದರು: "ಗುರುವಾರದ ಇಂಟರ್‌ವ್ಯೂ ಕ್ಲಿಕ್ ಆಗ್ಲಿಲ್ಲ ಅಂದ್ರೆ ನಂಗೂ ಕಷ್ಟ ಗಿರೀಶ್. ವೀಸಾ ಹೋಲ್ಡ್ ಮಾಡಕ್ಕಾಗಲ್ಲ." ಅಂದರೆ ಗಂಟುಮೂಟೆ ಕಟ್ಟಿ ಅಂತ. ಮಗುವಿಗೆ ಇನ್ನೂ ಕುತ್ತಿಗೆ ನಿಂತಿಲ್ಲ.

ಅಮ್ಮನಿಗೆ ವೀಸಾ ಆಗಲಿಲ್ಲ. ಬಾಣಂತನಕ್ಕೆ ಯಾರೂ ಇಲ್ಲ. ಆಸ್ಪತ್ರೆಯಲ್ಲಿ ಹೆರಿಗೆಯಾದ ಬೆನ್ನಿಗೇ ನರ್ಸು ಪ್ರೀತಿಯಿಂದ ತಂದುಕೊಟ್ಟದ್ದು ಏನು ಗೊತ್ತೆ? ಐಸ್ ವಾಟರ್. ದೊಡ್ಡ ಮಗ್ಗಿನ ತುಂಬ. ಫೋನಿನಲ್ಲಿ ಇದನ್ನು ಕೇಳಿ ಅಮ್ಮ ಅತ್ತುಬಿಟ್ಟಳು. "ಹಸೀ ಬಾಣಂತಿ ಬರ್ಫದ ನೀರು ಕುಡದ್ಯಾ? ನಾಳೆ ಹಲ್ಲು ಉದುರಿದ್ರ ಅವರೇನು ಕಟ್ಟಿಸಿ ಕೊಡತಾರೇನ?"

ಮನೆಗೆ ಬಂದ ಮೇಲೆ ಬಾಗಿಲು ಬಡಿದವಳು ಈ ಅಜ್ಜಿ. ಹಾಲ್ಮೊನಿ ಎಂದು ಕರೆಯುತ್ತೇವೆ. ಕೊರಿಯನ್ನಿನಲ್ಲಿ ಹಾಗೆಂದರೆ ಅಜ್ಜಿ ಅಂತಲೇ, ನಿಜವಾದ ಹೆಸರು ಇವತ್ತಿಗೂ ಗೊತ್ತಿಲ್ಲ. ಗೋಡೆಯಾಚೆ ಮಗು ಅಳುವುದು ಕೇಳಿ ಬಂದಿದ್ದಳು. ನನ್ನ ಕೈಯಲ್ಲಿ ಫ್ರಿಜ್ಜಿನ ನೀರಿನ ಲೋಟ ಇತ್ತು. ಕಿತ್ತುಕೊಂಡು ಸಿಂಕಿಗೆ ಸುರಿದಳು. ಆಮೇಲೆ ತನ್ನ ಹಲ್ಲು ಮುಟ್ಟಿ ತೋರಿಸಿ, ಉದುರಿ ಬೀಳುವಂತೆ ಕೈ ಮಾಡಿದಳು.

ಧಾರವಾಡದ ನಮ್ಮ ಅಮ್ಮನೂ ಈ ಅಜ್ಜಿಯೂ ಯಾವಾಗ ಮಾತಾಡಿಕೊಂಡರು?

ಅವತ್ತಿನಿಂದ ಅವಳ ಪಾತ್ರೆಗಳು ನಮ್ಮ ಮನೆಗೆ ಓಡಾಡತೊಡಗಿದವು. ಮೊದಲು ಬಂದದ್ದು ಸಿಹಿಗುಂಬಳದ ಗಂಜಿ, ಹೆಸರು ಹೋಬಕ್ ಜುಕ್. ಇ-ಮೇಲ್ ಬರೆದವರೇ, ನೀವು ಇದರಿಂದಲೇ ಶುರು ಮಾಡಿ, ನಮ್ಮ ಪಾಯಸಕ್ಕೆ ದಾಯಾದಿ. ಈರುಳ್ಳಿ ಹೂವಿನ ಪಾಜೊನ್ ನಮ್ಮ ಊತಪ್ಪದಂತೆಯೇ, ಆದರೆ ಮೊಟ್ಟೆ, ಸೀಗಡಿ ಹಾಕಬೇಡಿ ಅಂತ ಮೊದಲೇ ಹೇಳಬೇಕು. ಬಿಬಿಂಬಾಪ್‌ನಲ್ಲಿ ಅನ್ನದ ಮೇಲೆ ಬಣ್ಣಬಣ್ಣದ ಪಲ್ಯ ಜೋಡಿಸಿರುತ್ತಾರೆ. ಗಿರೀಶ ಅದಕ್ಕೆ "ಕಲಸಕ್ಕೆ ಸೋಮಾರಿತನ ಮಾಡಿರೋ ಚಿತ್ರಾನ್ನ" ಅನ್ನುತ್ತಾನೆ. ಕಿಮ್ಚಿ ಎಲೆಕೋಸಿನ ಉಪ್ಪಿನಕಾಯಿಯ ಹಾಗಿದ್ದರೂ ನಂಬಬೇಡಿ, ಹೆಚ್ಚಿನವುಗಳಲ್ಲಿ ಮೀನಿನ ರಸ ಇರುತ್ತದೆ. ನಾವು ಮಾಂಸ, ಮೀನು, ಮೊಟ್ಟೆ ಮುಟ್ಟುವುದಿಲ್ಲ ಎಂದು ಹಾಲ್ಮೊನಿಯ ಸೊಸೆ ಬಿಡಿಸಿ ಹೇಳಿದಾಗ ಅಜ್ಜಿ ನನ್ನನ್ನೂ ಮಗುವನ್ನೂ ಕನಿಕರದಿಂದ ನೋಡಿದ್ದಳು.

ಆಮೇಲೆ ಬಂತು ಮಿಯೋಕ್ ಗುಕ್. ಸಮುದ್ರದ ಪಾಚಿಯ ಸಾರು. ಕೊರಿಯಾದಲ್ಲಿ ಹೆತ್ತವಳಿಗೆ ದಿನಕ್ಕೆ ಮೂರು ಹೊತ್ತೂ ಇದೇ. ಹಾಲು ಬರುತ್ತದೆ, ರಕ್ತ ಶುದ್ಧಿಯಾಗುತ್ತದೆ. ಹುಟ್ಟುಹಬ್ಬದ ದಿನವೂ ಹಡೆದವ್ವನನ್ನು ನೆನೆದು ಇದನ್ನೇ ಕುಡಿಯುತ್ತಾರಂತೆ. ನನಗಾಗಿ ಮಾಂಸ ಬಿಟ್ಟು, ಎಳ್ಳೆಣ್ಣೆ ಹಾಕಿ ಮಾಡಿದ್ದಳು.

ನಾನು ಮುಚ್ಚಳ ತೆಗೆದೆ. ಕಪ್ಪು ಹಸಿರು. ಲೋಳೆಲೋಳೆ. ಕಾರವಾರದ ಬಂದರಿನ ವಾಸನೆ. ಒಂದು ಚಮಚ ಬಾಯಿಗಿಟ್ಟೆ, ಮುಚ್ಚಳ ವಾಪಸ್ ಮುಚ್ಚಿಟ್ಟೆ.

ಚೆಲ್ಲಲು ಮನಸ್ಸು ಬರಲಿಲ್ಲ. ಮುದುಕಿ ಬೆಳಗಿನ ಜಾವ ಎದ್ದು ಕುದಿಸಿದ್ದು. ಗಿರೀಶ ಅದಕ್ಕೆ ಅನ್ನ, ತುಪ್ಪ ಹಾಕಿಕೊಂಡು ಸುರಿದ. "ಸೂಪರ್ ಆಗಿದೆ ಕಣೇ, ಬಸಳೆ ಸೊಪ್ಪಿನ ಹುಳಿ ಥರ." ಮಾರನೆಯ ದಿನ ಇನ್ನೊಂದು ಪಾತ್ರೆ. ಅದನ್ನೂ ಅವನೇ. ಖಾಲಿ ಪಾತ್ರೆ ನೋಡಿ ಹಾಲ್ಮೊನಿ ನನ್ನ ಕೆನ್ನೆ ತಟ್ಟುತ್ತಿದ್ದಳು, "ಗುಡ್ ಮದರ್." ನಾನು ಕೆನ್ನೆ ಒಡ್ಡಿ ನಗುತ್ತಿದ್ದೆ.

ಗುರುವಾರ ಬಂತು. ಪರೀಕ್ಷೆಗೆ ಹೊರಟವರಿಗೆ ಮೊಸರು ಸಕ್ಕರೆ ಕೊಡುವುದು ನಮ್ಮ ಪದ್ಧತಿ ತಾನೆ? ಫ್ರಿಜ್ಜು ತೆಗೆದರೆ ಮೊಸರಿಲ್ಲ. ಗಿರೀಶ ಟೈ ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಾನೆ, ಮುಖ ಹಿಂಡಿದ ಬಟ್ಟೆಯ ಹಾಗಿದೆ. ಬರಿಗೈಯಲ್ಲಿ ಹೇಗೆ ಕಳಿಸುವುದು? ಕಣ್ಣಿಗೆ ಬಿದ್ದದ್ದು ಸಾರಿನ ಪಾತ್ರೆ. ಹೆತ್ತವಳಿಗೆ ಕೊಡುವುದು, ಹುಟ್ಟುಹಬ್ಬಕ್ಕೆ ಕುಡಿಯುವುದು ಅಂದಮೇಲೆ ಇದಕ್ಕಿಂತ ಮಂಗಳಕರವಾದದ್ದು ಉಂಟೆ? ಒಂದು ಬಟ್ಟಲು ಬಿಸಿ ಮಾಡಿ, ಶಾಸ್ತ್ರಕ್ಕೆ ಒಂದು ಚಿಟಿಕೆ ಸಕ್ಕರೆಯನ್ನೂ ಉದುರಿಸಿ ಕೊಟ್ಟೆ. ಪಾಪ, ಕಣ್ಣು ಮುಚ್ಚಿ ಕುಡಿದು ಹೊರಟ.

ಅವನು ಮೆಟ್ಟಿಲಿಳಿದ, ಹಾಲ್ಮೊನಿ ಪಾತ್ರೆಗೆ ಬಂದಳು. ಬಂದವಳು ನೆಲಕ್ಕೆ ಕೂತಳು.

ನನಗೆ ಮೊದಲು ಹೊಳೆದದ್ದು, ಇದರಲ್ಲಿ ಮಾಂಸವಿತ್ತೇ ಎಂದು. ನಮ್ಮ ಮನೆಯಲ್ಲಿ ಮೊಟ್ಟೆಯ ಹೆಸರನ್ನೂ ಪಿಸುಮಾತಿನಲ್ಲಿ ಹೇಳುತ್ತೇವೆ. ಅಜ್ಜಿ ತಲೆ ಅಲ್ಲಾಡಿಸಿ, ಫಾರ್ಮಸಿಯಲ್ಲಿ ಕೆಲಸ ಮಾಡುವ ಸೊಸೆಗೆ ಫೋನ್ ಹಚ್ಚಿ ನನ್ನ ಕಿವಿಗೆ ಒತ್ತಿದಳು. ಆ ಹುಡುಗಿ ನಗು ತಡೆಯುತ್ತಾ ವಿವರಿಸಿದಳು: ಪಾಚಿ ಜಾರುತ್ತದೆ. ಅದನ್ನು ತಿಂದು ಹೋದವನು ಪರೀಕ್ಷೆಯಲ್ಲಿ ಜಾರಿ ಬೀಳುತ್ತಾನೆ. ಕೊರಿಯನ್ ಭಾಷೆಯಲ್ಲಿ "ಪಾಚಿ ಸಾರು ಕುಡಿದ" ಎಂದರೆ ಫೇಲಾದ ಎಂದೇ ಅರ್ಥ. ಕೆಲಸ ಕಳೆದುಕೊಂಡ ಎಂದೂ ಅರ್ಥ.

ಅಂದರೆ ನಮ್ಮಲ್ಲಿ "ಕೈಗೆ ಚಿಪ್ಪು ಕೊಟ್ಟರು" ಅನ್ನುತ್ತೇವಲ್ಲ, ಅದು. ಆ ಚಿಪ್ಪನ್ನು ಕಟ್ಟಿಕೊಂಡ ಹೆಂಡತಿಯೇ ಬಿಸಿ ಮಾಡಿ ಕೊಟ್ಟಿದ್ದಾಳೆ. (ಸಕ್ಕರೆಯ ವಿಷಯ ನಾನು ಹೇಳಲಿಲ್ಲ. ಅಜ್ಜಿಗೆ ವಯಸ್ಸಾಗಿದೆ.)

ನಾನು ಓದಿದವಳು, ಇಂಥದನ್ನೆಲ್ಲ ನಂಬುವುದಿಲ್ಲ. ಆದರೂ ಗಿರೀಶ ಇನ್ನೂ ಕಾಣುತ್ತಾನೇನೋ ಎಂದು ಕಿಟಕಿಯಲ್ಲಿ ಇಣುಕಿದೆ. ಹಾವಸಿಗಟ್ಟಿದ ಬಾವಿಕಟ್ಟೆಯ ಮೇಲೆ ಕಾಲಿಡಬೇಡ ಎಂದು ಬೈಸಿಕೊಂಡೇ ಬೆಳೆದವಳಿಗೆ ಪಾಚಿ ಜಾರುತ್ತದೆ ಎಂದು ಹೊಳೆಯಬಾರದಿತ್ತೆ?

ಪರಿಹಾರ ಇಲ್ಲವೇ ಅಂದೆ. ಇದೆಯಂತೆ, ಅಂಟುವಂಥದ್ದನ್ನು ತಿನ್ನಿಸಬೇಕು. ಅಲ್ಲಿ ಪರೀಕ್ಷೆಯ ದಿನ ಜಿಗುಟು ಅಕ್ಕಿಯ ಕಡುಬು ಕೊಡುತ್ತಾರೆ. ತಾಯಂದಿರು ಕಾಲೇಜಿನ ಗೇಟಿಗೆ ಅಂಟುಮಿಠಾಯಿ ಮೆತ್ತಿ ಬರುತ್ತಾರೆ, ಮಗ ಅಲ್ಲಿ ಅಂಟಿಕೊಳ್ಳಲಿ ಎಂದು. ಹಾಲ್ಮೊನಿಯ ಮನೆಯಲ್ಲಿ ಆವತ್ತು ಕಡುಬೂ ಇಲ್ಲ, ಮಿಠಾಯಿಯೂ ಇಲ್ಲ. ಅವಳು ನನ್ನ ಕಪಾಟುಗಳನ್ನು ಒಂದೊಂದಾಗಿ ತೆಗೆಯತೊಡಗಿದಳು. "ಸ್ಟಿಕಿ? ಯು, ಸ್ಟಿಕಿ?"

ಮೇಲಿನ ಕಪಾಟಿನಲ್ಲಿ ಅಮ್ಮ ಊರಿನಿಂದ ಬರುವವರ ಕೈಯಲ್ಲಿ ಕಳಿಸಿದ ಡಬ್ಬಿ ಇತ್ತು. ಬಾಣಂತಿಯ ಅಂಟಿನ ಉಂಡಿ. ಅಂಟನ್ನು ತುಪ್ಪದಲ್ಲಿ ಹುರಿದು, ಕೊಬ್ಬರಿ, ಉತ್ತತ್ತಿ, ಬೆಲ್ಲ ಸೇರಿಸಿ ಕಟ್ಟಿದ್ದು.

ಅಂಟು. ಹೆಸರಲ್ಲೇ ಇದೆಯಲ್ಲ.

"ಗ್ಲೂ," ಅಂದೆ. "ಟ್ರೀ ಗ್ಲೂ."

ಹಾಲ್ಮೊನಿ ಉಂಡಿಯನ್ನೂ ನನ್ನನ್ನೂ ನೋಡಿದಳು. ಮಾಂಸ ತಿನ್ನುವುದಿಲ್ಲ, ಮರದ ಗೋಂದು ತಿನ್ನುತ್ತಾರೆ, ಅದೂ ಹಸೀ ಬಾಣಂತಿಗೆ ಕೊಡುತ್ತಾರೆ. ಅವಳಿಗಾದ ಆಘಾತ ನನಗೆ ಅರ್ಥವಾಯಿತು. ಆದರೆ ಟೈಮಿರಲಿಲ್ಲ, ಸ್ಟೇಷನ್ನಿಗೆ ಗಿರೀಶನ ಟ್ರೈನು ಬರುವ ಹೊತ್ತು. ನಾನು ಕೋಟು ಹಾಕಿಕೊಳ್ಳಲು ಹೋದರೆ ಗಾಳಿ ತಾಗುತ್ತದೆ ಎಂದು ಗದರಿಸಿ ಕೂರಿಸಿದಳು. ಉಂಡಿ ಹಿಡಿದು, ಏಪ್ರನ್ನಿನಲ್ಲೇ, ಮನೆಯ ಚಪ್ಪಲಿಯಲ್ಲೇ ಫೆಬ್ರವರಿಯ ಚಳಿಗೆ ಓಡಿದಳು.

ಮುಂದಿನದನ್ನು ಗಿರೀಶ ಹೇಳಿದ್ದು. ಪ್ಲಾಟ್‌ಫಾರ್ಮಿನಲ್ಲಿ ಟ್ರೈನು ಬಂದು ನಿಂತಿದೆ. ಇವನು ಒಂದು ಕಾಲು ಒಳಗಿಟ್ಟಿದ್ದಾನೆ. ಹಿಂದಿನಿಂದ ಯಾರೋ ಕೂಗಿದರು: "ಇರಿ ವಾ."

"ಇರಿ ಅಂತ ಕನ್ನಡದಲ್ಲೇ ಕೂಗಿದ್ರು ಕಣೇ. ಯಾರೋ ನಿಮ್ಮ ಕಡೆಯೋರು ಅಂತ ನಿಂತುಬಿಟ್ಟೆ."

(ಕೊರಿಯನ್ನಿನಲ್ಲಿ "ಇರಿ ವಾ" ಅಂದರೆ ಇಲ್ಲಿ ಬಾ. ಅಂತೂ ಮೈಸೂರಿನವನು ನಿಂತ.)

ಅಜ್ಜಿ ಓಡಿ ಬಂದವಳೇ ಇಡೀ ಉಂಡಿಯನ್ನು ಅವನ ಬಾಯಿಗೆ ತುರುಕಿದಳು, ಗಲ್ಲ ಹಿಡಿದು ಅಗಿಸಿದಳು, ಬೆನ್ನಿಗೊಂದು ಗುದ್ದಿ ಟ್ರೈನಿಗೆ ತಳ್ಳಿದಳು. ಕಮ್ಯೂಟ್ ಮಾಡುವ ದೊರೆಗಳೆಲ್ಲ ಪೇಪರ್ ಇಳಿಸಿ ನೋಡಿದರು. ನ್ಯೂವಾರ್ಕ್ ದಾಟುವವರೆಗೂ ಬೆಲ್ಲ ಹಲ್ಲು ಬಿಟ್ಟಿರಲಿಲ್ಲವಂತೆ.

ಇತ್ತ ಹಾಲ್ಮೊನಿ ಏದುಸಿರು ಬಿಡುತ್ತಾ ವಾಪಸ್ ಬಂದು ಮಗುವನ್ನು ಎತ್ತಿಕೊಂಡಳು. ಆಮೇಲೆ ಸಾರಿನ ಪಾತ್ರೆಯತ್ತ ನೋಡಿದಳು. ನನ್ನತ್ತ ನೋಡಿದಳು. ಏನೋ ಲೆಕ್ಕ ತಾಳೆಯಾಗಲಿಲ್ಲ.

"ಹಸ್ಬೆಂಡ್ ಸೂಪ್ ಈಟ್," ಅಂದಳು ನಿಧಾನವಾಗಿ. "ಯು?"

ನಾನು ತಲೆ ಅಲ್ಲಾಡಿಸಿದೆ.

"ಆಲ್ ಡೇ? ನೋ?"

ಇಲ್ಲ.

ಈ ಸಲ ಅವಳು ಕುಸಿಯಲಿಲ್ಲ, ಕೂಗಲೂ ಇಲ್ಲ. ಮಗುವನ್ನು ನನ್ನ ಮಡಿಲಿಗಿಟ್ಟು ಹೊರಟುಹೋದಳು. ಮುನಿಸಿಕೊಂಡಳು, ಇದ್ದ ಒಂದು ಆಸರೆಯನ್ನೂ ಕಳೆದುಕೊಂಡೆ ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯಿತು. ಬಿಸಿ ಅನ್ನ, ಪಾಚಿಯನ್ನು ಸಣ್ಣಗೆ ಹೆಚ್ಚಿ ಆಲೂಗಡ್ಡೆ ಹಾಕಿದ ಬೇರೆ ಸಾರು. ಎದುರಿಗೆ ಕೂತು ಚಮಚ ನನ್ನ ಕೈಗಿತ್ತು, ಕೊನೆಯ ತುತ್ತಿನವರೆಗೂ ಕಣ್ಣು ಕೀಳದೆ ನೋಡಿದಳು. ವಾಸನೆ ಬಂತೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ಅಳು ಬಂದಿತ್ತು. ಹೆರಿಗೆಯಾದ ಮೇಲೆ ನಾನು ಕೂತು ಬಿಸಿಬಿಸಿ ಉಂಡದ್ದು ಅದೇ ಮೊದಲು.

ಸಂಜೆ ಫೋನ್ ಬಂತು. ಸಿಕ್ಕಿತು. ಸೋಮವಾರವೇ ಜಾಯಿನ್ ಆಗಬೇಕು. "ಸ್ಟಿಕ್?" ಎಂದು ಕೇಳಿದ ಹಾಲ್ಮೊನಿ ನಾನು ಹ್ಞೂಂ ಅಂದದ್ದೇ ಚಪ್ಪಾಳೆ ತಟ್ಟಿದಳು. ಅಮ್ಮ ಅದು ತನ್ನ ಉಂಡಿಯ ಪ್ರತಾಪ ಅಂದಳು. ತಾನು ರಾತ್ರಿಯೆಲ್ಲ ಓದಿದ ಜಾವಾದ ಹೆಸರನ್ನು ಯಾರೂ ಎತ್ತುತ್ತಿಲ್ಲವಲ್ಲ ಎಂಬುದು ಗಿರೀಶನ ಸಂಕಟ.

ಭಾನುವಾರ ಅವನು ಆಫೀಸಿನ ಪ್ಯಾಂಟುಗಳನ್ನು ಹಾಕಿ ನೋಡಿದ. ಒಂದರ ಗುಂಡಿಯೂ ಕೂಡಲಿಲ್ಲ. ನನಗೆ ಏನೋ ಅನುಮಾನ ಬಂದು ಮೇಲಿನ ಕಪಾಟಿನ ಡಬ್ಬಿ ತೆಗೆದೆ. ತಳದಲ್ಲಿ ಒಂದಿಷ್ಟು ಕೊಬ್ಬರಿ ಪುಡಿ ಇತ್ತು. "ಮುಂಚೆ ರುಚಿಗೆ ಅಂತ ದಿನಾ ಎರಡೆರಡು ತಿಂತಿದ್ದೆ ಕಣೇ, ಗುರುವಾರದಿಂದ ಅಂಟ್ಕೊಂಡಿರ್ಲಿ ಅಂತ," ಅಂದ.

ಅಷ್ಟರಲ್ಲಿ ಅಮ್ಮನ ಫೋನು. "ಉಂಡಿ ಎಲ್ಲಾ ತೀರಿದ್ವೇನ? ಮೈ ಹಿಡದೈತೇನ?"

"ಹಿಡದೈತಿ ಬೇ," ಅಂದೆ. ಯಾರ ಮೈ ಎಂದು ಅವಳು ಕೇಳಲಿಲ್ಲ.

ಹಡೆದವಳು ನಾನು, ಬಾಣಂತನ ಆದದ್ದು ಯಾರಿಗೆ?